ಮಳೆ ಹಿಡಿದ ಮನೆಗೊಂದು ಕಾರ್ಟ್ ರೇಸ್: ಕೊಡಗಿನವರಿಗೆ ಹಂತ ಹಂತದ ಮಾರ್ಗದರ್ಶಿ

ಜುಲೈ ತಿಂಗಳಲ್ಲಿ ಕೊಡಗಿನ ಮಕ್ಕಳು ಕಣ್ಣು ಬಿಟ್ಟ ಕೂಡಲೇ ಕೇಳುವ ಪ್ರಶ್ನೆ ಒಂದೇ: ಡಿಸಿ ರಜೆ ಕೊಟ್ರಾ? ಕೊಟ್ಟರೆ ಆ ಖುಷಿ ಹತ್ತು ಗಂಟೆಯವರೆಗೆ. ಆಮೇಲೆ ಶುರುವಾಗುತ್ತದೆ ರಗಳೆ. ಲೈನಿನ ಮೇಲೆ ಮರ ಬಿದ್ದು ಕರೆಂಟ್ ಇಲ್ಲ. ಕರೆಂಟ್ ಇಲ್ಲದೆ ಟವರ್ ಇಲ್ಲ. ಅಂಗಳಕ್ಕೆ ಇಳಿದರೆ ಜಿಗಣೆ. ಫೋನಿನಲ್ಲಿರುವ ಆಟಗಳಲ್ಲಿ ಬಹಳಷ್ಟಕ್ಕೆ ನೆಟ್ ಬೇಕು. ಉಳಿದವು ಒಬ್ಬೊಬ್ಬರೇ ಮೂಲೆ ಹಿಡಿದು ಆಡುವಂಥವು.

ಇಂಥ ಮನೆಗೆ ಪುಟ್ಟ ಯಂತ್ರವನ್ನು ಕೈಯಲ್ಲಿ ಹಿಡಿದು ಆಡುವ ಕಾರ್ಟ್ ರೇಸ್ ವಿಡಿಯೋ ಗೇಮ್ ಚೆನ್ನಾಗಿ ಒಗ್ಗುತ್ತದೆ. ಅದರಲ್ಲೂ ಜಪಾನಿನ ನಿಂಟೆಂಡೊ ಕಂಪನಿಯ ಮಾರಿಯೋ ಕಾರ್ಟ್. ನೆಟ್ ಬೇಡ, ಟಿವಿ ಬೇಡ, ಬ್ಯಾಟರಿಯಲ್ಲಿ ಚಾರ್ಜ್ ಇದ್ದರೆ ಸಾಕು. ಒಂದು ರೇಸ್ ಎರಡು-ಮೂರು ನಿಮಿಷದಲ್ಲಿ ಮುಗಿಯುತ್ತದೆ. ಎಂಟು ವರ್ಷದ ಮೊಮ್ಮಗನೂ ಎಪ್ಪತ್ತರ ಅಜ್ಜಿಯೂ ಒಂದೇ ರೇಸಿನಲ್ಲಿ ಇರಬಹುದು. ಯಂತ್ರ ಆರಿಸುವುದರಿಂದ ಹಿಡಿದು ಮನೆಯೊಳಗೇ ಒಂದು ಕಪ್ ನಡೆಸುವವರೆಗೆ ಏನೇನು ಮಾಡಬೇಕು ಅಂತ ಮುಂದೆ ಇದೆ.

ಮೊದಲು ಆಟದ ಸ್ವಭಾವ ತಿಳಿದುಕೊಳ್ಳಿ

ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಇದು ಎಂಥ ಆಟ ಅಂತ ಗೊತ್ತಿರಲಿ. ಇದು ಕಾರು ಓಡಿಸುವುದನ್ನು ಕಲಿಸುವ ಆಟ ಅಲ್ಲ. ಗೇರ್ ಇಲ್ಲ, ಟೈರ್ ಸವೆಯುವುದಿಲ್ಲ. ಪುಟ್ಟ ಕಾರ್ಟುಗಳು, ಬಣ್ಣ ಬಣ್ಣದ ಟ್ರ್ಯಾಕ್. ದಾರಿಯುದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆ ಇರುವ ಪೆಟ್ಟಿಗೆಗಳು ತೇಲುತ್ತಿರುತ್ತವೆ. ಅದನ್ನು ಒಡೆದರೆ ಒಂದು ಸಾಮಾನು ಸಿಗುತ್ತದೆ: ಬಾಳೆಹಣ್ಣಿನ ಸಿಪ್ಪೆ, ಆಮೆ ಚಿಪ್ಪು, ಅಣಬೆ, ನಕ್ಷತ್ರ, ಹೀಗೆ.

ಯಾರಿಗೆ ಏನು ಸಿಗುತ್ತದೆ ಅನ್ನುವುದು ಬರೀ ಅದೃಷ್ಟ ಅಲ್ಲ. ಮುಂದೆ ಇರುವವನಿಗೆ ಹೆಚ್ಚಾಗಿ ನಾಣ್ಯ, ಸಿಪ್ಪೆ ಇಂಥ ಸಣ್ಣಪುಟ್ಟ ಸಾಮಾನೇ ಬರುತ್ತದೆ. ಹಿಂದೆ ಬಿದ್ದವರಿಗೆ ಭಾರೀ ಸಾಮಾನು. ಗುಂಡಿನ ರೂಪ ತಾಳಿ ತಾನೇ ತಾನಾಗಿ ಮುಂದಿನವರೊಂದಿಗಿನ ಅಂತರ ನುಂಗಿಬಿಡುವ ಬುಲೆಟ್ ಬಿಲ್, ಉಳಿದವರನ್ನೆಲ್ಲ ಕುಬ್ಜ ಮಾಡುವ ಮಿಂಚು, ಹೀಗೆ. ಮೊದಲ ಸ್ಥಾನದವನನ್ನೇ ಹುಡುಕಿಕೊಂಡು ಹೋಗಿ ಹೊಡೆಯುವ ನೀಲಿ ಚಿಪ್ಪು ಕೂಡ ಇದೆ.

ಚೆನ್ನಾಗಿ ಆಡುವ ಮಕ್ಕಳು ಇದನ್ನು ಅನ್ಯಾಯ ಅನ್ನುತ್ತಾರೆ. ಅನ್ಯಾಯ ಹೌದು, ಆದರೆ ಆ ಅನ್ಯಾಯದಿಂದಲೇ ಅಜ್ಜಿ ಎದ್ದು ಹೋಗದೆ ಕೂತಿರುತ್ತಾರೆ. ಸಲೀಸಾಗಿ ಗೆಲ್ಲುತ್ತಿದ್ದವನು ಕೊನೆಯ ತಿರುವಿನಲ್ಲಿ ಬುಗುರಿಯಾಗುತ್ತಾನೆ. ಹತ್ತನೇ ಸ್ಥಾನದಲ್ಲಿದ್ದವರು ನಾಲ್ಕಕ್ಕೆ ಬರುತ್ತಾರೆ. ಪಳಗಿದವರೇ ಜಾಸ್ತಿ ಸಲ ಗೆಲ್ಲುತ್ತಾರೆ, ಪ್ರತಿ ಸಲ ಅಲ್ಲ. ಈ ಲೇಖನದ ಎಲ್ಲ ಸಲಹೆಗಳೂ ಆ ಗುಣವನ್ನು ಉಳಿಸಿಕೊಳ್ಳುವುದಕ್ಕೇ ಇವೆ. ನಿಮಗೆ ಬರೀ ಚುರುಕು ಕೈ ತೋರಿಸುವ ರೇಸ್ ಬೇಕಿದ್ದರೆ ಬೇರೆ ಆಟ ನೋಡಿ.

ಯಾವ ಯಂತ್ರ?

ಮಾರಿಯೋ ಕಾರ್ಟ್ 1992ರಲ್ಲಿ ಟಿವಿಗೆ ಜೋಡಿಸುವ ಸೂಪರ್ ನಿಂಟೆಂಡೊದಲ್ಲಿ ಶುರುವಾಯಿತು. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಬಂದದ್ದು 2001ರಲ್ಲಿ, ಗೇಮ್ ಬಾಯ್ ಅಡ್ವಾನ್ಸ್‌ನ ಸೂಪರ್ ಸರ್ಕ್ಯೂಟ್ ಮೂಲಕ. ಅಂಥವೇ ಯಂತ್ರಗಳಾದ ಡಿಎಸ್‌ಗೆ 2005ರಲ್ಲಿ, 2011ರಲ್ಲಿ 3ಡಿಎಸ್‌ಗೆ ಮಾರಿಯೋ ಕಾರ್ಟ್ 7, 2017ರಲ್ಲಿ ಸ್ವಿಚ್‌ಗೆ ಮಾರಿಯೋ ಕಾರ್ಟ್ 8 ಡಿಲಕ್ಸ್. 2025ರಲ್ಲಿ ಸ್ವಿಚ್ 2 ಜೊತೆ ಮಾರಿಯೋ ಕಾರ್ಟ್ ವರ್ಲ್ಡ್ ಬಂದಿದೆ. ಅದರಲ್ಲಿ 24 ಜನ ಒಟ್ಟಿಗೆ ಓಡುತ್ತಾರೆ.

ಮನೆಮಂದಿಯ ಆಟಕ್ಕೆ ನನ್ನ ಆಯ್ಕೆ ಈಗಲೂ ಸ್ವಿಚ್ ಮತ್ತು 8 ಡಿಲಕ್ಸ್. ಸ್ವಿಚ್‌ನಲ್ಲಿ ಮೂರು ಬಗೆ ಇವೆ. ಸಾಮಾನ್ಯ ಸ್ವಿಚ್‌ಗೆ 6.2 ಇಂಚಿನ ಪರದೆ, ಓಎಲ್ಇಡಿಗೆ 7 ಇಂಚು, ಲೈಟ್‌ಗೆ 5.5 ಇಂಚು. ಮೊದಲ ಎರಡರಲ್ಲಿ ಎರಡು ಬದಿಯ ಹಿಡಿಗಳಾದ ಜಾಯ್-ಕಾನ್‌ಗಳನ್ನು ಬಿಚ್ಚಿ ಇಬ್ಬರಿಗೆ ಒಂದೊಂದು ಕೊಡಬಹುದು. ಲೈಟ್‌ನಲ್ಲಿ ಅವು ಬಿಚ್ಚಲು ಬರುವುದಿಲ್ಲ, ಹಿಂದೆ ನಿಲ್ಲಿಸುವ ಕಾಲೂ ಇಲ್ಲ. ಅಗ್ಗ ಅಂತ ಲೈಟ್ ತಂದರೆ ಒಬ್ಬರು ಆಡುವುದು, ಮೂವರು ಬಗ್ಗಿ ನೋಡುವುದು ಅಷ್ಟೇ. ಮಗ ಒಬ್ಬನೇ ಹಾಸ್ಟೆಲಿನಲ್ಲಿ ಆಡುತ್ತಾನೆ ಅಂದರೆ ಲೈಟ್ ಸಾಕು.

ಹಳೆಯ 3ಡಿಎಸ್ ಯಾರದಾದರೂ ಅಟ್ಟದಲ್ಲಿ ಬಿದ್ದಿದ್ದರೆ ಕಸ ಅಂದುಕೊಳ್ಳಬೇಡಿ. ಅದರ ಆನ್‌ಲೈನ್ ಅಂಗಡಿ 2023ರ ಮಾರ್ಚಿನಲ್ಲಿ ಮುಚ್ಚಿತು, ಆನ್‌ಲೈನ್ ಆಟ 2024ರ ಏಪ್ರಿಲ್‌ನಲ್ಲಿ ನಿಂತಿತು. ಅಕ್ಕಪಕ್ಕ ಕೂತು ಆಡುವುದಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ಇನ್ನೊಂದು ದೊಡ್ಡ ಲಾಭ: ಡಿಎಸ್ ಮತ್ತು 3ಡಿಎಸ್‌ನ ಮಾರಿಯೋ ಕಾರ್ಟ್‌ನಲ್ಲಿ ಒಂದೇ ಕಾರ್ಟ್ರಿಜ್ (ಆಟ ತುಂಬಿರುವ ಪುಟ್ಟ ಬಿಲ್ಲೆ) ಇದ್ದರೂ ಎಂಟು ಯಂತ್ರಗಳಲ್ಲಿ ಒಟ್ಟಿಗೆ ಆಡಬಹುದು. ಡಿಎಸ್ ಆಟದಲ್ಲಿ ಕಾರ್ಟ್ರಿಜ್ ಇಲ್ಲದವರೆಲ್ಲ ಮುಖವಾಡದ ಶೈ ಗೈ ಎಂಬ ಪಾತ್ರವಾಗಿಯೇ ಓಡಬೇಕು, ಅಷ್ಟೇ. ಈ ಔದಾರ್ಯ 8 ಡಿಲಕ್ಸ್‌ನಲ್ಲಿ ಇಲ್ಲ. ಅಲ್ಲಿ ಪ್ರತಿ ಯಂತ್ರಕ್ಕೂ ಆಟದ ಪ್ರತಿ ಬೇಕು.

ಕೊಳ್ಳುವಾಗ ನೋಡಬೇಕಾದ್ದು

ನಮ್ಮ ಕಡೆ ಸಿಗುವ ಸ್ವಿಚ್‌ಗಳು ಹೆಚ್ಚಾಗಿ ಹೊರದೇಶದಿಂದ ತರಿಸಿದವು. ಮಡಿಕೇರಿ, ಕುಶಾಲನಗರದಲ್ಲಿ ಹುಡುಕಿ ಸುಸ್ತಾಗುವುದಕ್ಕಿಂತ ಮೈಸೂರು, ಬೆಂಗಳೂರಿಗೆ ಹೋಗುವ ನೆಂಟರಿಗೆ ಹೇಳಿ. ವಾರಂಟಿ ಯಾರು ಕೊಡುತ್ತಾರೆ, ರಿಪೇರಿಗೆ ಎಲ್ಲಿಗೆ ಕೊಡಬೇಕು ಅಂತ ಅಂಗಡಿಯವರ ಹತ್ತಿರ ಬಾಯಿಬಿಟ್ಟು ಕೇಳಿ. ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಎರಡು ಪರೀಕ್ಷೆ. ಒಂದು, ಯಂತ್ರದ ಮೇಲಿರುವ ಮಾಡೆಲ್ ನಂಬರ್. ಎಚ್ಎಸಿ-001 ಅಂತ ಮಾತ್ರ ಇದ್ದರೆ 2017ರ ಹಳೆಯದು. ಕಂಪನಿಯ ಲೆಕ್ಕದಲ್ಲಿ ಅದರ ಬ್ಯಾಟರಿ 2.5ರಿಂದ 6.5 ಗಂಟೆ. ಕೊನೆಯಲ್ಲಿ (-01) ಇದ್ದರೆ 2019ರ ನಂತರದ್ದು, 4.5ರಿಂದ 9 ಗಂಟೆ. ದಿನಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಎರಡು, ದಿಕ್ಕು ತಿರುಗಿಸಲು ಹೆಬ್ಬೆರಳಲ್ಲಿ ತಳ್ಳುವ, ಜಾಯ್-ಕಾನ್‌ನ ಕಡ್ಡಿ. ಕೈ ಬಿಟ್ಟರೂ ಅದು ತಾನಾಗಿ ಒಂದು ಕಡೆ ವಾಲುವ ಕಾಯಿಲೆ ಸ್ವಿಚ್‌ಗೆ ಇದ್ದದ್ದೇ. ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ವಿಭಾಗಕ್ಕೆ ಹೋಗಿ ಕಡ್ಡಿಯ ಕ್ಯಾಲಿಬ್ರೇಷನ್ ತೆರೆಯಿರಿ. ಮುಟ್ಟದೆ ಇದ್ದಾಗ ನಡುವಿನ ಗುರುತು ಅಲುಗಾಡದೆ ನಿಂತಿರಬೇಕು. ಅಲುಗಿದರೆ ರೇಸಿನಲ್ಲಿ ನಿಮ್ಮ ಕಾರ್ಟ್ ಸದಾ ಚರಂಡಿ ಕಡೆಗೇ ಎಳೆಯುತ್ತದೆ.

ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳಬೇಡಿ, ಕಾರ್ಟ್ರಿಜ್ ತಗೊಳ್ಳಿ. ನಮ್ಮ ನೆಟ್‌ವರ್ಕಿಗೆ ಅಷ್ಟು ದೊಡ್ಡ ಫೈಲ್ ಇಳಿಯುವ ಹೊತ್ತಿಗೆ ಪುತ್ತರಿ ಹಬ್ಬ ಬಂದಿರುತ್ತದೆ. ಕಾರ್ಟ್ರಿಜ್ ಆದರೆ ಮನೆಯಿಂದ ಮನೆಗೆ ಕೊಟ್ಟು ತಗೊಳ್ಳಬಹುದು, ಬೇಡವಾದಾಗ ಮಾರಲೂಬಹುದು. ಸ್ವಿಚ್ ಕಾರ್ಟ್ರಿಜ್‌ಗೆ ದೇಶದ ಕಟ್ಟು ಇಲ್ಲ. ದುಬೈಯಿಂದ ತಂದದ್ದೂ ಓಡುತ್ತದೆ, ಜಪಾನಿನದೂ ಓಡುತ್ತದೆ. 3ಡಿಎಸ್ ಆಟಗಳಿಗೆ ಮಾತ್ರ ಆ ಕಟ್ಟು ಇದೆ, ಯಂತ್ರ ಯಾವ ಪ್ರದೇಶದ್ದೋ ಆಟವೂ ಅದೇ ಪ್ರದೇಶದ್ದಾಗಿರಬೇಕು.

ಅಂದ ಹಾಗೆ, ಸ್ವಿಚ್ ಕಾರ್ಟ್ರಿಜ್ ತುಂಬಾ ಪುಟ್ಟದು. ಮಕ್ಕಳು ಬಾಯಿಗೆ ಹಾಕದಿರಲಿ ಅಂತ ಕಂಪನಿಯವರೇ ಅದಕ್ಕೆ ಕಹಿ ಪದಾರ್ಥ ಬಳಿದಿರುತ್ತಾರೆ. ನಂಬಿಕೆ ಬಾರದಿದ್ದರೆ ಮನೆಯಲ್ಲಿ ಯಾರಾದರೂ ಒಬ್ಬರು ನೆಕ್ಕಿ ನೋಡಿಯೇ ನೋಡುತ್ತಾರೆ, ಬಿಡಿ.

8 ಡಿಲಕ್ಸ್‌ನ ಕಾರ್ಟ್ರಿಜ್‌ನಲ್ಲಿ 48 ಟ್ರ್ಯಾಕ್ ಇವೆ. ದುಡ್ಡು ಕೊಟ್ಟು ಇಳಿಸಿಕೊಳ್ಳುವ ಇನ್ನೂ 48 ಟ್ರ್ಯಾಕ್ 2022-23ರಲ್ಲಿ ಬಂದವು. ಅವು ಬೇಕೇ ಬೇಕು ಅಂತ ಏನಿಲ್ಲ. ಒಂದು ಮಳೆಗಾಲಕ್ಕೆ ಮೊದಲ 48 ಧಾರಾಳ.

ಮಳೆ ಹಿಡಿಯುವ ಮೊದಲು ಮುಗಿಸಬೇಕಾದ ಕೆಲಸ

ಇದನ್ನೆಲ್ಲ ಮೇ ತಿಂಗಳಲ್ಲೇ ಮಾಡಿಡಿ. ಸೌದೆ ಒಳಗೆ ಹಾಕುವ ಹೊತ್ತಿಗೆ ಇದೂ ಆಗಿಬಿಡಲಿ.

ಒಳ್ಳೆ ವೈಫೈ ಇರುವಲ್ಲಿ ಯಂತ್ರವನ್ನೂ ಆಟವನ್ನೂ ಒಮ್ಮೆ ಅಪ್‌ಡೇಟ್ ಮಾಡಿ. ಹಲವು ಯಂತ್ರ ಜೋಡಿಸಿ ಆಡಬೇಕಾದರೆ ಎಲ್ಲದರಲ್ಲೂ ಆಟದ ಆವೃತ್ತಿ ಒಂದೇ ಇರಬೇಕು. ಬಹಳ ಮನೆಗಳಲ್ಲಿ ಆಟ ಕೆಡುವುದು ಇಲ್ಲೇ. ಬೆಂಗಳೂರಿನಿಂದ ಬಂದ ತಮ್ಮನ ಮಗನ ಯಂತ್ರದಲ್ಲಿ ಹೊಸ ಆವೃತ್ತಿ, ನಿಮ್ಮದರಲ್ಲಿ ಹಳೆಯದು, ನೆಟ್ ಇಲ್ಲ. ಗಾಬರಿ ಬೇಡ. ಹೋಮ್ ಪರದೆಯಲ್ಲಿ ಆಟದ ಚಿತ್ರದ ಮೇಲೆ ನಿಂತು ಪ್ಲಸ್ ಗುಂಡಿ ಒತ್ತಿ, ಸಾಫ್ಟ್‌ವೇರ್ ಅಪ್‌ಡೇಟ್ ಒಳಗೆ ಹೋಗಿ. ಹತ್ತಿರದಲ್ಲಿರುವವರ ಆವೃತ್ತಿಗೆ ಹೊಂದಿಸುವ ಆಯ್ಕೆ ಅಲ್ಲಿದೆ. ನೆಟ್ ಇಲ್ಲದೆಯೇ ಒಂದು ಯಂತ್ರ ಇನ್ನೊಂದಕ್ಕೆ ಅಪ್‌ಡೇಟ್ ಕೊಡುತ್ತದೆ. ಭಾಗಮಂಡಲದ ಕಡೆಯವರು ಈ ಸಾಲನ್ನು ಗುರುತು ಹಾಕಿಟ್ಟುಕೊಳ್ಳಿ.

ಚಾರ್ಜಿಗೆ ಒಂದು ಪವರ್ ಬ್ಯಾಂಕ್ ಇರಲಿ. ಸ್ವಿಚ್‌ಗೆ ಯುಎಸ್‌ಬಿ-ಸಿ ಕಿಂಡಿ. ಫೋನಿನ ಸಾಧಾರಣ ಪವರ್ ಬ್ಯಾಂಕ್‌ನಲ್ಲೂ ಚಾರ್ಜ್ ಆಗುತ್ತದೆ, ಆದರೆ ಆಡುತ್ತಲೇ ಚಾರ್ಜ್ ಏರಬೇಕಾದರೆ ಪಿಡಿ ಅಂತ ಬರೆದಿರುವುದೇ ವಾಸಿ. ಪರದೆಯ ಬೆಳಕು ಇಳಿಸಿದರೆ ಬ್ಯಾಟರಿ ಜಾಸ್ತಿ ಬಾಳುತ್ತದೆ. ಒಬ್ಬರೇ ಆಡುವಾಗ ಏರೋಪ್ಲೇನ್ ಮೋಡ್ ಹಾಕಿ. ಜಾಯ್-ಕಾನ್ ಬಿಚ್ಚಿ ಆಡುವಾಗ ಅದನ್ನು ತೆಗೆಯಿರಿ, ಇಲ್ಲವಾದರೆ ಅವು ಯಂತ್ರಕ್ಕೆ ಸಿಗುವುದಿಲ್ಲ.

ಯಾರಿಗೆ ಯಾವ ಸೆಟ್ಟಿಂಗ್

ಕಾರ್ಟ್ ಆರಿಸುವ ಪರದೆಯಲ್ಲಿ ಪ್ಲಸ್ ಗುಂಡಿ ಒತ್ತಿದರೆ ಮೂರು ಸಹಾಯಗಳು ಕಾಣುತ್ತವೆ. ಸ್ಮಾರ್ಟ್ ಸ್ಟಿಯರಿಂಗ್ ಹಾಕಿದರೆ ಕಾರ್ಟ್ ದಾರಿ ಬಿಟ್ಟು ಹಳ್ಳಕ್ಕೆ ಬೀಳುವುದಿಲ್ಲ. ಆಟೋ ಆಕ್ಸಲರೇಟ್ ಹಾಕಿದರೆ ಗುಂಡಿ ಒತ್ತದೆಯೇ ಮುಂದೆ ಹೋಗುತ್ತದೆ. ಟಿಲ್ಟ್ ಹಾಕಿದರೆ ಯಂತ್ರವನ್ನೇ ಸ್ಟಿಯರಿಂಗ್ ಥರ ತಿರುಗಿಸಬೇಕು. ಪ್ರತಿ ಆಟಗಾರರೂ ತಮಗೆ ಬೇಕಾದ್ದನ್ನು ಬೇರೆ ಬೇರೆಯಾಗಿ ಹಾಕಿಕೊಳ್ಳಬಹುದು.

ಅಜ್ಜಿಗೆ, ಐದಾರು ವರ್ಷದ ಮಕ್ಕಳಿಗೆ ಮೊದಲೆರಡನ್ನೂ ಹಾಕಿ. ಆಗ ಅವರು ತಿರುಗಿಸಿದರೆ ಸಾಕು, ಸಾಮಾನು ಎಸೆದರೆ ಸಾಕು. ಹೊಸದಾಗಿ ಕಲಿಯುವ ದೊಡ್ಡವರಿಗೆ ಸ್ಮಾರ್ಟ್ ಸ್ಟಿಯರಿಂಗ್ ಒಂದೇ ಇರಲಿ, ಅದೂ ಕೆಲವು ದಿನ ಮಾತ್ರ. ಯಾಕೆಂದರೆ ಅದು ಇರುವಷ್ಟು ಕಾಲ ಮುಂದೆ ಹೇಳುವ, ತಿರುವಿನಲ್ಲಿ ಅಡ್ಡಕ್ಕೆ ಜಾರುವ ಡ್ರಿಫ್ಟ್‌ನ ಕೊನೆಯ ಮಟ್ಟ ಸಿಗುವುದಿಲ್ಲ, ಕೆಲವು ಅಡ್ಡದಾರಿಗಳಿಗೂ ಅದು ಬಿಡುವುದಿಲ್ಲ. ಪಳಗಿದ ಹುಡುಗರಿಗೆ ಟಿಲ್ಟ್ ಹಾಕಿಸಿ! ಅವರ ಸೊಕ್ಕು ಇಳಿಸುವುದಕ್ಕೆ ಇದಕ್ಕಿಂತ ಸುಲಭದ ಉಪಾಯ ಇಲ್ಲ.

ವೇಗ 50 ಸಿಸಿಯಿಂದ 200 ಸಿಸಿವರೆಗೆ ಇದೆ. ಒಂದು ರೇಸಿನಲ್ಲಿ ಎಲ್ಲರಿಗೂ ಒಂದೇ ಸಿಸಿ. ಎಲ್ಲ ವಯಸ್ಸಿನವರೂ ಕೂತಿದ್ದರೆ 100 ಸಿಸಿ ಇಡಿ. 200 ಸಿಸಿಯಲ್ಲಿ ಬ್ರೇಕ್ ಹಿಡಿಯದೆ ತಿರುವು ದಾಟಲಾಗದು. ಅದು ಬೇರೆಯೇ ಆಟ, ಅದನ್ನು ಹುಡುಗರು ಅವರಷ್ಟಕ್ಕೆ ಆಡಿಕೊಳ್ಳಲಿ.

ಯಾವ ಪಾತ್ರ, ಯಾವ ಕಾರ್ಟ್ ಅಂತ ಗಂಟೆಗಟ್ಟಲೆ ಲೆಕ್ಕ ಹಾಕುವವರಿದ್ದಾರೆ. ನಿಮಗೆ ಇಷ್ಟು ಗೊತ್ತಿದ್ದರೆ ಸಾಕು: ಬೌಸರ್, ಡಾಂಕಿ ಕಾಂಗ್ ಥರದ ಭಾರದವರಿಗೆ ಗರಿಷ್ಠ ವೇಗ ಹೆಚ್ಚು, ಆದರೆ ಪೆಟ್ಟು ತಿಂದು ನಿಂತರೆ ಮತ್ತೆ ವೇಗ ಹಿಡಿಯಲು ತಡ. ಟೋಡ್, ಮಗು ಮಾರಿಯೋ ಥರದ ಹಗುರದವರು ಬೇಗ ಚೇತರಿಸಿಕೊಳ್ಳುತ್ತಾರೆ. ಹೊಸಬರು ಪದೇ ಪದೇ ಪೆಟ್ಟು ತಿನ್ನುವುದರಿಂದ ಅವರಿಗೆ ಹಗುರದವರೇ ಸರಿ.

ಓಡಿಸಲು ಕಲಿಯುವ ಕ್ರಮ

ಎಲ್ಲವನ್ನೂ ಒಂದೇ ದಿನ ಹೇಳಿಕೊಡಬೇಡಿ. ಮೊದಲ ಟ್ರ್ಯಾಕ್ ಮಾರಿಯೋ ಕಾರ್ಟ್ ಸ್ಟೇಡಿಯಂ. ಅಗಲ ದಾರಿ, ದೊಡ್ಡ ತಿರುವು. ಇನ್ನೊಂದು ಒಳ್ಳೆಯದು ಟ್ರ್ಯಾಕುಗಳ ಗುಂಪಾದ ಶೆಲ್ ಕಪ್‌ನ ಮೂ ಮೂ ಮೆಡೋಸ್. ಅಲ್ಲಿ ದಾರಿಯ ಮಧ್ಯೆ ದನಗಳು ನಿಂತಿರುತ್ತವೆ. ನಮ್ಮವರಿಗೆ ಅದು ಹೊಸದೇನಲ್ಲ ಅಲ್ವಾ.

ಮೊದಲು ಸ್ಟಾರ್ಟ್. ಪರದೆಯಲ್ಲಿ 3, 2, 1 ಅಂತ ಬರುತ್ತದೆ. 2 ಕಾಣಿಸಿಕೊಂಡ ಬೆನ್ನಿಗೇ ಎ ಗುಂಡಿ ಒತ್ತಿ ಹಿಡಿಯಿರಿ. ಗೋ ಅಂತ ಬಂದ ಕೂಡಲೇ ಕಾರ್ಟ್ ಚಿಮ್ಮುತ್ತದೆ. ಆತುರಪಟ್ಟು 3 ಇರುವಾಗಲೇ ಹಿಡಿದರೆ ಎಂಜಿನ್ ಹೊಗೆ ಕಾರಿ ನಿಂತುಬಿಡುತ್ತದೆ.

ಆಮೇಲೆ ನಾಣ್ಯ. ದಾರಿಯಲ್ಲಿ ಬಿದ್ದಿರುವ ಹಳದಿ ನಾಣ್ಯಗಳನ್ನು ಮಕ್ಕಳು ಅಲಂಕಾರ ಅಂದುಕೊಳ್ಳುತ್ತಾರೆ. ಒಂದೊಂದಕ್ಕೂ ಗರಿಷ್ಠ ವೇಗ ಸ್ವಲ್ಪ ಸ್ವಲ್ಪ ಏರುತ್ತದೆ, ಹತ್ತರವರೆಗೆ. ಪೆಟ್ಟು ತಿಂದರೆ, ಬಿದ್ದರೆ ಕೆಲವು ಉದುರುತ್ತವೆ. ಮೊದಲ ಸುತ್ತಿನಲ್ಲೇ ಹತ್ತು ಕೂಡಿಸಿಕೊಳ್ಳುವುದು ಒಳ್ಳೆ ಅಭ್ಯಾಸ.

ಮೂರನೆಯದು ಡ್ರಿಫ್ಟ್. ಇಲ್ಲಿ ನಿಧಾನಿಸಿ, ಆಟದ ಅರ್ಧ ರುಚಿ ಇದರಲ್ಲೇ ಇದೆ. ತಿರುವು ಶುರುವಾಗುವ ತುಸು ಮೊದಲು ಆರ್ ಗುಂಡಿ ಒತ್ತಿ. ಕಾರ್ಟ್ ಪುಟ್ಟದಾಗಿ ನೆಗೆಯುತ್ತದೆ. ಆ ನೆಗೆತದಲ್ಲೇ ಕಡ್ಡಿಯನ್ನು ತಿರುವಿನ ಕಡೆ ತಳ್ಳಿ, ಆರ್ ಬಿಡಬೇಡಿ. ಕಾರ್ಟ್ ಅಡ್ಡಕ್ಕೆ ಜಾರುತ್ತಾ ತಿರುಗುತ್ತದೆ. ಹಿಂದಿನ ಚಕ್ರದಲ್ಲಿ ಮೊದಲು ನೀಲಿ ಕಿಡಿ, ಆಮೇಲೆ ಕಿತ್ತಳೆ, ಕೊನೆಗೆ ನೇರಳೆ ಬರುತ್ತದೆ. ಯಾವ ಬಣ್ಣದಲ್ಲಿ ಆರ್ ಬಿಟ್ಟರೆ ಅದಕ್ಕೆ ತಕ್ಕ ಹಾಗೆ ವೇಗದ ಒದೆ ಸಿಗುತ್ತದೆ. ಕಡ್ಡಿಯನ್ನು ಒಳಗಡೆಗೆ ಜಾಸ್ತಿ ತಳ್ಳಿದಷ್ಟೂ ಕಿಡಿ ಬೇಗ ಬಣ್ಣ ಬದಲಿಸುತ್ತದೆ, ಆದರೆ ಒಳಗಿನ ಹುಲ್ಲಿಗೆ ಇಳಿದರೆ ವೇಗ ಸತ್ತುಹೋಗುತ್ತದೆ. ಈ ಎರಡರ ನಡುವಿನ ಹದ ಕೈಗೆ ಬರುವವರೆಗೆ ನೀಲಿಗೇ ಬಿಟ್ಟುಬಿಡಿ. ನೀಲಿ ಸಿಕ್ಕಿದ್ದೇ ಸಾಕು ಅನ್ನುವವರು ನೇರಳೆಗೆ ಆಸೆಪಟ್ಟು ಗೋಡೆಗೆ ಗುದ್ದುವವರಿಗಿಂತ ಮುಂದೆ ಇರುತ್ತಾರೆ.

ದಿಬ್ಬದ ತುದಿಯಿಂದ ಹಾರುವ ಕ್ಷಣಕ್ಕೆ ಸರಿಯಾಗಿ ಆರ್ ಒತ್ತಿದರೆ ಪಾತ್ರ ಗಾಳಿಯಲ್ಲಿ ಒಂದು ಚಮತ್ಕಾರ ಮಾಡುತ್ತದೆ, ಇಳಿದಾಗ ವೇಗ ಸಿಗುತ್ತದೆ. ಮುಂದಿನ ಕಾರ್ಟ್‌ನ ಬೆನ್ನಿಗೆ ಅಂಟಿಕೊಂಡು ಸ್ವಲ್ಪ ಹೊತ್ತು ಹೋದರೂ ಗಾಳಿಯ ಎಳೆತ ಸಿಕ್ಕಿ ಮುನ್ನುಗ್ಗಬಹುದು. ಚಕ್ರಗಳು ಮಡಚಿಕೊಂಡು ನೀಲಿಯಾಗಿ ಹೊಳೆಯುವ ಜಾಗಗಳಲ್ಲಿ ಬೇಕೆಂದೇ ಪಕ್ಕದವರಿಗೆ ಡಿಕ್ಕಿ ಹೊಡೆಯಿರಿ. ಅಲ್ಲಿ ಡಿಕ್ಕಿ ಹೊಡೆದರೆ ಇಬ್ಬರಿಗೂ ವೇಗ.

ಇಷ್ಟು ಕೈಗೆ ಬಂದಮೇಲೆ ಸ್ಟಾರ್ ಕಪ್‌ನ ಮೌಂಟ್ ವಾರಿಯೋ ಆಡಿ. ಬೇರೆಯವುಗಳ ಹಾಗೆ ಅಲ್ಲಿ ಮೂರು ಸುತ್ತು ಇಲ್ಲ. ಹಿಮದ ಬೆಟ್ಟದ ತುದಿಯಿಂದ ಬುಡದವರೆಗೆ ಒಂದೇ ಇಳಿಜಾರು, ಮಡಿಕೇರಿಯಿಂದ ಸಂಪಾಜೆಗೆ ಇಳಿದ ಹಾಗೆ. ಎದುರಿಂದ ಬಸ್ ಬರುವುದಿಲ್ಲ ಅನ್ನುವುದೊಂದೇ ಸಮಾಧಾನ. ಇಡೀ ಆಟದಲ್ಲಿ ನನಗೆ ಅತಿ ಇಷ್ಟದ ಟ್ರ್ಯಾಕ್ ಇದು.

ಸಾಮಾನು ಎಸೆಯುವ ಮೊದಲು

ಹೊಸಬರೆಲ್ಲ ಮಾಡುವ ಕೆಲಸ ಒಂದೇ: ಸಿಕ್ಕಿದ ಕೂಡಲೇ ಎಸೆದುಬಿಡುವುದು. ಸಾಮಾನಿನ ನಿಜವಾದ ಉಪಯೋಗ ಇಟ್ಟುಕೊಳ್ಳುವುದರಲ್ಲಿ ಇದೆ. ಸಿಪ್ಪೆಯೋ ಚಿಪ್ಪೋ ಸಿಕ್ಕಾಗ ಎಲ್ ಗುಂಡಿಯನ್ನು ಒತ್ತಿ ಹಿಡಿದರೆ ಅದು ಕಾರ್ಟ್‌ನ ಹಿಂದೆ ನೇತಾಡುತ್ತದೆ. ಹಿಂದಿನಿಂದ ಬರುವ ಕೆಂಪು ಚಿಪ್ಪು ಅದಕ್ಕೆ ಬಡಿದು ಅಲ್ಲೇ ಮುಗಿಯುತ್ತದೆ. ಕೆಂಪು ಚಿಪ್ಪು ಮುಂದಿನವರನ್ನು ತಾನೇ ಹುಡುಕಿಕೊಂಡು ಹೋಗುತ್ತದೆ, ಹಸಿರು ನೆಟ್ಟಗೆ ಹೋಗಿ ಗೋಡೆಗೆ ಬಡಿದು ಪುಟಿಯುತ್ತದೆ. ಕಡ್ಡಿಯನ್ನು ಹಿಂದಕ್ಕೆಳೆದು ಎಸೆದರೆ ಹಸಿರು ಚಿಪ್ಪು ಹಿಂದಕ್ಕೂ ಹೋಗುತ್ತದೆ.

ಡಿಲಕ್ಸ್‌ನಲ್ಲಿ ಒಮ್ಮೆಗೆ ಎರಡು ಸಾಮಾನು ಹಿಡಿದುಕೊಳ್ಳಬಹುದು. ಮೊದಲ ಸ್ಥಾನದಲ್ಲಿದ್ದರೆ ಒಂದನ್ನು ಹಿಂದೆ ನೇತುಹಾಕಿ, ಇನ್ನೊಂದನ್ನು ಬಿಡದೆ ಇಟ್ಟುಕೊಳ್ಳಿ. ಸೂಪರ್ ಹಾರ್ನ್ ಸಿಕ್ಕಿದರೆ ಅದನ್ನು ಚಿನ್ನದ ಹಾಗೆ ಕಾಪಾಡಿ. ನೀಲಿ ಚಿಪ್ಪನ್ನು ಒಡೆದು ಹಾಕುವ ಸಾಮಾನು ಅದೇ. ಚಿಪ್ಪು ಹತ್ತಿರ ಬರುವಾಗ ಎಚ್ಚರಿಕೆಯ ಸದ್ದು ಕೇಳುತ್ತದೆ, ಅದು ತಲೆ ಮೇಲೆ ಸುತ್ತಿ ಇಳಿಯುವಾಗ ಹಾರ್ನ್ ಒತ್ತಿ. ಹಾಗಾಗಿ ಸೌಂಡ್ ಪೂರಾ ಇಳಿಸಿ ಆಡಬೇಡಿ. ಹೆಂಚಿನ ಮೇಲೆ ಮಳೆ ಸದ್ದು ಜೋರಾಗಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ.

ಅಣಬೆಯನ್ನು ನೇರ ದಾರಿಯಲ್ಲಿ ಸುಮ್ನೆ ಖರ್ಚು ಮಾಡುವುದಕ್ಕಿಂತ ಹುಲ್ಲು, ಮರಳಿನ ಅಡ್ಡದಾರಿ ಸೀಳುವುದಕ್ಕೆ ಬಳಸಿ. ಅಣಬೆಯ ವೇಗ ಇರುವಷ್ಟು ಹೊತ್ತು ಹುಲ್ಲು ತಡೆಯುವುದಿಲ್ಲ.

ತೀರಾ ಹಿಂದೆ ಬಿದ್ದವರಿಗೆ ಒಂದು ಕಿವಿಮಾತು. ಸಿಟ್ಟಾಗಿ ಯಂತ್ರ ಕೆಳಗಿಡಬೇಡಿ. ಬುಲೆಟ್ ಬಿಲ್, ನಕ್ಷತ್ರ ಬರುವುದು ನಿಮಗೇ. ನಕ್ಷತ್ರ ಇರುವಷ್ಟು ಹೊತ್ತು ಪೆಟ್ಟು ತಾಗುವುದಿಲ್ಲ, ಅದು ಸಿಕ್ಕಿದರೆ ಗುಂಪು ದಟ್ಟವಾಗಿರುವ ಕಡೆ ನುಗ್ಗಿ.

ಒಂದು ಯಂತ್ರ, ಇಬ್ಬರು. ಹಲವು ಯಂತ್ರ, ಇಡೀ ಮನೆ

ಇಬ್ಬರು ಆಡುವಾಗ ಯಂತ್ರವನ್ನು ಮೇಜಿನ ಮೇಲೆ ನಿಲ್ಲಿಸಿ, ಜಾಯ್-ಕಾನ್‌ಗಳನ್ನು ಬಿಚ್ಚಿ ಅಡ್ಡ ಹಿಡಿಯಿರಿ. ಪರದೆ ಎಡ-ಬಲ ಅಂತ ಎರಡು ಭಾಗವಾಗುತ್ತದೆ. ಅಡ್ಡ ಹಿಡಿದಾಗ ಮೇಲಂಚಿನ ಎಸ್‌ಎಲ್, ಎಸ್‌ಆರ್ ಗುಂಡಿಗಳೇ ಸಾಮಾನಿಗೂ ಡ್ರಿಫ್ಟ್‌ಗೂ. ಅವು ತೀರಾ ಸಣ್ಣವು, ಪೆಟ್ಟಿಗೆಯಲ್ಲಿ ಬರುವ ಮಣಿಕಟ್ಟಿನ ಪಟ್ಟಿಯನ್ನು ಸಿಕ್ಕಿಸಿದರೆ ಒತ್ತುವುದು ಸುಲಭ. ಹಳೆಯ ಸ್ವಿಚ್‌ನ ಕಾಲು ಬಡಕಲು. ಒಂದು ದಪ್ಪ ಪುಸ್ತಕದ ಆಸರೆ ಕೊಡಿ. ಓಎಲ್ಇಡಿಗೆ ಅಗಲವಾದ ಗಟ್ಟಿ ಕಾಲಿದೆ.

ನಾಲ್ವರು ಒಂದೇ ಪರದೆಯಲ್ಲಿ ಆಡಲೂ ಬರುತ್ತದೆ. ಆದರೆ ಅಷ್ಟು ಸಣ್ಣ ಚೌಕದಲ್ಲಿ ಕಣ್ಣು ನೋಯುವುದೇ ಜಾಸ್ತಿ, ಚಿತ್ರದ ನಯವೂ ಅರ್ಧಕ್ಕೆ ಇಳಿಯುತ್ತದೆ. ಇಬ್ಬರಂತೆ ಸರದಿ ಮಾಡಿ.

ನೆಂಟರು ಯಂತ್ರ ತಂದಿದ್ದರೆ ಮೆನುವಿನಲ್ಲಿ ವೈರ್‌ಲೆಸ್ ಪ್ಲೇ ಆರಿಸಿ. ಇದಕ್ಕೆ ರೂಟರ್ ಬೇಡ, ಯಂತ್ರಗಳು ನೇರವಾಗಿ ಒಂದನ್ನೊಂದು ಹಿಡಿಯುತ್ತವೆ. ಎಂಟು ಜನರವರೆಗೆ ಆಡಬಹುದು, ಒಂದು ಯಂತ್ರದಲ್ಲಿ ಇಬ್ಬರು ಕೂತರೂ ನಡೆಯುತ್ತದೆ. ಹಾಗಾಗಿ ಮೂರು ಯಂತ್ರ, ಮೂರು ಕಾರ್ಟ್ರಿಜ್ ಇದ್ದರೆ ಆರು ಜನ. ಎಲ್ಲರೂ ಒಂದೇ ಕೋಣೆಯಲ್ಲಿ ಇರಿ. ಹಳೆ ಮನೆಯ ದಪ್ಪ ಮಣ್ಣಿನ ಗೋಡೆಯಾಚೆ ಸಿಗ್ನಲ್ ನಂಬಬೇಡಿ. ಅಲ್ಲದೆ, ಹೊಡೆತ ತಿಂದವರ ಮುಖ ಕಾಣದಿದ್ದರೆ ಹೊಡೆದು ಏನು ಸುಖ?

ಮನೆಯೊಳಗಿನ ಕಪ್

1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿದವರಿಗೆ ಮನೆತನದ ಹೆಸರಲ್ಲಿ ಆಡುವ ಹುರುಪು ಹೇಳಿಕೊಡಬೇಕಿಲ್ಲ. ಆದರೆ ಅಲ್ಲಿನ ನಾಕೌಟ್ ಇಲ್ಲಿಗೆ ಬೇಡ. ನೂರಾರು ತಂಡ ಇದ್ದಾಗ ಸೋತವರು ಗ್ಯಾಲರಿಯಲ್ಲಿ ಕೂರುತ್ತಾರೆ. ಮನೆಯಲ್ಲಿ ಆರೇ ಜನ ಇರುವಾಗ ಸೋತ ಮಗು ಅಳುತ್ತಾ ಕೂರುತ್ತದೆ. ಅಂಕದ ಲೆಕ್ಕವೇ ಒಳ್ಳೆಯದು.

ಆಟವೇ ಅಂಕ ಕೊಡುತ್ತದೆ. ಮೊದಲನೆಯವರಿಗೆ 15, ಎರಡನೆಯವರಿಗೆ 12, ಮೂರಕ್ಕೆ 10, ನಾಲ್ಕಕ್ಕೆ 9. ಅಲ್ಲಿಂದ ಒಂದೊಂದೇ ಇಳಿದು ಹನ್ನೆರಡನೆಯವರಿಗೆ 1. ವಿಎಸ್ ರೇಸ್ ಆರಿಸಿ, ರೇಸುಗಳ ಸಂಖ್ಯೆ ನಾಲ್ಕಕ್ಕೆ ಇಡಿ, ಕಂಪ್ಯೂಟರ್ ಆಟಗಾರರನ್ನು ಸುಲಭಕ್ಕೆ ಇಡಿ. ಅವರನ್ನು ಪೂರಾ ತೆಗೆಯಬೇಡಿ. ಮಧ್ಯೆ ಅವರಿದ್ದರೇ ಕೊನೆಯವರಿಗೂ ಯಾರನ್ನಾದರೂ ಹಿಂದೆ ಹಾಕಿದ ಖುಷಿ. ಸಾಮಾನುಗಳನ್ನು ನಾರ್ಮಲ್‌ನಲ್ಲೇ ಬಿಡಿ. ಚೆನ್ನಾಗಿ ಆಡುವವನು 'ಐಟಂ ಬೇಡ, ನಿಜವಾದ ಆಟ ಆಡೋಣ' ಅಂತ ಬಂದೇ ಬರುತ್ತಾನೆ. ಒಪ್ಪಬೇಡಿ.

ಟ್ರ್ಯಾಕ್ ಆರಿಸುವ ಹಕ್ಕು ಹಿಂದಿನ ರೇಸಿನಲ್ಲಿ ಎಲ್ಲರಿಗಿಂತ ಹಿಂದೆ ಬಂದವರಿಗೆ ಕೊಡಿ. ಇನ್ನೂ ಚೆನ್ನಾಗಿರಬೇಕು ಅಂದರೆ ತಂಡ ಮಾಡಿ. ಕೆಂಪು, ನೀಲಿ ಎರಡು ತಂಡದ ಆಯ್ಕೆ ಆಟದಲ್ಲೇ ಇದೆ. ಅತಿ ಚುರುಕಾದವನನ್ನೂ ಅಜ್ಜಿಯನ್ನೂ ಒಂದು ಕಡೆ ಹಾಕಿ, ಅಪ್ಪ-ಅಮ್ಮನನ್ನು ಇನ್ನೊಂದು ಕಡೆ. ಆಗ ನೋಡಿ, ಇಷ್ಟು ಹೊತ್ತು ಅಜ್ಜಿಯನ್ನು ಗೇಲಿ ಮಾಡುತ್ತಿದ್ದ ಹುಡುಗ 'ಅಜ್ಜಿ, ಈಗ ಎಲ್ ಒತ್ತಿ, ಹಿಡ್ಕೊಳ್ಳಿ, ಬಿಡ್ಬೇಡಿ' ಅಂತ ಪಕ್ಕದಲ್ಲಿ ಕೂತು ಪಾಠ ಹೇಳುತ್ತಿರುತ್ತಾನೆ.

ಬಹುಮಾನಕ್ಕೆ ದುಡ್ಡು ಇಡಬೇಡಿ. ಸೋತ ತಂಡ ಕಾಫಿ ಲೋಟ ತೊಳೆಯಲಿ. ತಿಂಡಿಯನ್ನು ಕಪ್ ಮುಗಿದ ಮೇಲೆಯೇ ಕೊಡಿ, ಬಾಳೆಹಣ್ಣಿನ ಬಜ್ಜಿಯ ಎಣ್ಣೆ ಕೈ ಜಾಯ್-ಕಾನ್‌ನ ಕಡ್ಡಿಗೆ ಒಳ್ಳೆಯದಲ್ಲ. ಗಂಟೆಗೊಮ್ಮೆ ಹತ್ತು-ಹದಿನೈದು ನಿಮಿಷ ಬಿಡುವು ಕೊಡಿ ಅಂತ ಕಂಪನಿಯವರೇ ಹೇಳುತ್ತಾರೆ. ಮಕ್ಕಳು ಕೇಳದಿದ್ದರೆ ಬ್ಯಾಟರಿಯೇ ಹೇಳುತ್ತದೆ.

ತೇವದಿಂದ ಕಾಪಾಡುವುದು

ಸ್ವಿಚ್‌ಗೆ ಕಂಪನಿ ಹೇಳಿರುವ ಮಿತಿ 5ರಿಂದ 35 ಡಿಗ್ರಿ ಬಿಸಿ, 20ರಿಂದ 80 ಶೇಕಡಾ ತೇವ. ಬಿಸಿಯ ಚಿಂತೆ ನಮಗಿಲ್ಲ. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ತೇವ ಮಾತ್ರ ಆ ಗೆರೆ ದಾಟಿಯೇ ಇರುತ್ತದೆ, ಬೀರುವಿನಲ್ಲಿಟ್ಟ ಬೆಲ್ಟಿಗೇ ಬೂಸ್ಟು ಬರುವ ಕಾಲ.

ಆಟ ಮುಗಿದಮೇಲೆ ಯಂತ್ರವನ್ನು ಒಣಬಟ್ಟೆಯಲ್ಲಿ ಒರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಅದರೊಳಗೆ ಹಾಕಿ. ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯ ಬೇಡ, ಅಕ್ಕಿಯ ಧೂಳು ಕಿಂಡಿಗಳಿಗೆ ಹೋಗುತ್ತದೆ. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುವುದೂ ಬೇಡ. ಅಲ್ಲಿ ಹೊಗೆ, ಮಸಿ, ಜೊತೆಗೆ ಮಿತಿ ಮೀರಿದ ಬಿಸಿ.

ಕಂಬಳಿ ಹೊದ್ದು ಆಡುವವರು ಯಂತ್ರದ ಮೇಲಂಚಿನ ಗಾಳಿ ಕಿಂಡಿ ಮುಚ್ಚದಂತೆ ನೋಡಿಕೊಳ್ಳಿ, ಬಿಸಿ ಗಾಳಿ ಹೊರಹೋಗುವುದು ಅಲ್ಲಿಂದಲೇ. ಗುಡುಗು-ಸಿಡಿಲು ಇರುವಾಗ ಗೋಡೆಯ ಪ್ಲಗ್‌ನಲ್ಲಿ ಚಾರ್ಜಿಗೆ ಹಾಕಬೇಡಿ. ಹೋದ ಕರೆಂಟ್ ಮರಳಿ ಬಂದ ಕೂಡಲೇ ಹಾಕಬೇಡಿ, ವೋಲ್ಟೇಜ್ ನಿಲ್ಲುವವರೆಗೆ ಸ್ವಲ್ಪ ಕಾಯಿರಿ.

ಮಳೆ ಬಿಟ್ಟು ಕಾಫಿ ಕೊಯ್ಲು ಶುರುವಾದರೆ ಯಾರಿಗೂ ಈ ಕಡೆ ನೋಡಲು ಪುರುಸೊತ್ತು ಇರುವುದಿಲ್ಲ. ಆಗಲೂ ಯಂತ್ರವನ್ನು ಪೂರ್ತಿ ಮರೆಯಬೇಡಿ. ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದರೆ ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯದೆ ಹೋಗಬಹುದು. ಆರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಬೇಕು ಅಂತ ಕಂಪನಿಯ ಸೂಚನೆ. ಪುತ್ತರಿಗೆ ಒಮ್ಮೆ, ಬೇಸಿಗೆ ರಜೆಗೆ ಒಮ್ಮೆ ತುಂಬಿಸಿಟ್ಟರೆ ಲೆಕ್ಕ ಸರಿಹೋಗುತ್ತದೆ. ಜಾಯ್-ಕಾನ್‌ಗಳಿಗೂ ಒಳಗೆ ಬೇರೆಯದೇ ಬ್ಯಾಟರಿ ಇದೆ, ಅವನ್ನು ಯಂತ್ರಕ್ಕೆ ಸಿಕ್ಕಿಸಿಯೇ ಚಾರ್ಜಿಗೆ ಹಾಕಿ.